ಸ್ವಲ್ಪ ಹೀಟ್ ಆಗೇತಿ ಅಷ್ಟ

ಅಂಜನಾಪುರ, ಶಿಕಾರಿಪುರ ತಾಲ್ಲೂಕು
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ನಮ್ಮೋರಿಗೆ,

ಸಂಗೀತ ಮಾಡುವ ನಮಸ್ಕಾರಗಳು. ಹೇಗಿದ್ದೀರಿ ಅಂತ ಕೇಳಿ ಕಾಗದ ಶುರು ಮಾಡುವುದು ಪದ್ಧತಿ. ಕೇಳಿದ್ದೇನೆ ಅಂದುಕೊಳ್ಳಿ. ಉತ್ತರ ನನಗೆ ಗೊತ್ತಿದೆ. "ಆರಾಮದೀನಿ. ಸ್ವಲ್ಪ ಹೀಟ್ ಆಗೇತಿ ಅಷ್ಟ." ಒಂದು ವರ್ಷದಿಂದ ಫೋನಿನಲ್ಲಿ ಇದನ್ನೇ ಕೇಳುತ್ತಿದ್ದೇನೆ. ನಾನು ಇನ್ನೊಂದು ಮಾತು ಎತ್ತುವಷ್ಟರಲ್ಲಿ "ಬಸ್ ಬಂತು, ಇಡ್ಲೇನು?" ಅಂತೀರಿ. ನಿಮ್ಮ ಕ್ಯಾಂಪಿನ ಬಸ್ಸಿಗೂ ನನ್ನ ಮಾತಿಗೂ ಏನು ದ್ವೇಷವೋ, ನಾನು ಮುಖ್ಯವಾದದ್ದು ಕೇಳುವ ಹೊತ್ತಿಗೇ ಅದು ಬಂದು ನಿಲ್ಲುತ್ತದೆ. ಅದಕ್ಕೇ ಈ ಕಾಗದ. ಮದುವೆ ನಿಶ್ಚಯವಾದ ಮೇಲೆ ಬರೆದಿದ್ದೇ ಕೊನೆ, ಆಮೇಲೆ ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಶಿರಾಳಕೊಪ್ಪದ ಪ್ರದೀಪ್ ರಜೆ ಮುಗಿಸಿ ಬುಧವಾರ ದೋಹಾಕ್ಕೆ ವಾಪಸ್ ಬರುತ್ತಿದ್ದಾನಲ್ಲ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಓದಿ ಮುಗಿಸುವವರೆಗೂ ಎದುರಿಗೇ ಕೂತಿರಬೇಕು ಅಂತ ಅವನಿಗೆ ಹೇಳಿದ್ದೇನೆ. ಹಾಗಾಗಿ ಬಸ್ಸಿನ ನೆಪ ಬೇಡ.

ಮನೆಯ ಕಡೆ ಎಲ್ಲ ಕ್ಷೇಮ. ಮೆಕ್ಕೆಜೋಳ ಮುರಿದಾಯಿತು. ಮಾವ ಕುರಿ ಹೊಡೆದುಕೊಂಡು ಮಲ್ಲೇಶಪ್ಪನವರ ಹೊಲಕ್ಕೆ ಹೋಗಿದ್ದಾರೆ, ಗೊಬ್ಬರಕ್ಕೆ ಅಂತ ಅವರೇ ಕರೆದು ಮಂದೆ ನಿಲ್ಲಿಸಿಕೊಂಡಿದ್ದಾರೆ. ಊಟಕ್ಕೆ ಮಾತ್ರ ಮನೆಗೆ ಬರುತ್ತಾರೆ, ಬಂದಾಗಲೆಲ್ಲ ಸಾರಿಗೆ ಉಪ್ಪು ಕಡಿಮೆ ಅಂತಾರೆ. ಅತ್ತೆಗೆ ಮಂಡಿನೋವು ಇದ್ದದ್ದೇ. ಬಿಪಿ ಮಾತ್ರೆ ನಾನು ಎದುರಿಗೆ ನಿಂತರೆ ನುಂಗುತ್ತಾರೆ, ಇಲ್ಲದಿದ್ದರೆ ಕಿಟಕಿಯ ಆಚೆ. ಕಿಟಕಿಯ ಕೆಳಗಿನ ದಾಸವಾಳಕ್ಕೆ ಈಗ ಬಿಪಿ ಇಲ್ಲ. ಚೈತ್ರಶ್ರೀ ಒಂದನೇ ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಿದ್ದಾಳೆ, ಅಂದರೆ ಚೆನ್ನಾಗಿ ಮಾತಾಡುತ್ತಿದ್ದಾಳೆ. ನಮ್ಮಪ್ಪ ಮೋಡದ ಹತ್ತಿರ ಕೆಲಸ ಮಾಡ್ತಾರೆ ಅಂತ ಟೀಚರಿಗೆ ಹೇಳಿಬಂದಿದ್ದಾಳೆ. ಟೀಚರು ನನ್ನನ್ನು ಕರೆದು, ಅವರು ವಿಮಾನದಲ್ಲಿ ಇದ್ದಾರಾ ಅಂತ ಕೇಳಿದರು. ಟವರ್ ಕ್ರೇನ್ ಓಡಿಸುತ್ತಾರೆ ಅಂದೆ. ಅವರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ.

ನಿಮ್ಮ ಟಗರು ಕೆಂಚ ಸಾಯುವುದರಲ್ಲಿತ್ತು. ಈಗ ಚೆನ್ನಾಗಿದೆ, ಗಾಬರಿ ಬೇಡ. ಫೋನಿನಲ್ಲಿ ಹೇಳಿದ್ದರೆ ಸುಮ್ಮನೆ ಕ್ರೇನಿನ ಮೇಲೆ ಕೂತು ಚಿಂತೆ ಮಾಡುತ್ತಿದ್ದಿರಿ. ಮಗನ ಟಗರು ಅಂತ ಅತ್ತೆ ಅದಕ್ಕೆ ಹಿಂಡಿ, ಜೋಳದ ನುಚ್ಚು ಅಂತ ಬಾಯಿಗೆ ತುರುಕಿದ್ದೇ ತುರುಕಿದ್ದು. ಕಟ್ಟಿದ ಜಾಗ ಬಿಟ್ಟು ಅದು ಕದಲಲೂ ಇಲ್ಲ, ನೀರೂ ಸರಿಯಾಗಿ ಕುಡಿಯಲಿಲ್ಲ. ಒಂದು ದಿನ ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ನಿಂತುಬಿಟ್ಟಿತು. ಬಾಲ ಎತ್ತುತ್ತದೆ, ತಿಣುಕುತ್ತದೆ, ಒಂದು ಹನಿ ಬೀಳುತ್ತದೆ. ನಾವು ಹೊಟ್ಟೆಯುಬ್ಬರ ಅಂದುಕೊಂಡೆವು. ಮಾವ ಬಂದು ದೂರದಿಂದ ನೋಡಿ, "ಉಚ್ಚಿ ಕಟ್ಟೇತಿ. ಡಾಕ್ಟ್ರನ್ನ ಕರೀರಿ, ಹೊತ್ತು ಮಾಡಬ್ಯಾಡ್ರಿ" ಅಂದರು. ಪಶು ಡಾಕ್ಟರು ಬಂದು ಒಳಗೆ ಮರಳಿನಂಥ ಕಲ್ಲು ಸೇರಿಕೊಂಡಿದೆ ಅಂದರು, ಉಚ್ಚೆಯ ನಾಳದ ತುದಿಯ ನೂಲಿನಂಥದ್ದನ್ನು ಕತ್ತರಿಸಿ ದಾರಿ ಮಾಡಿದರು. ಇನ್ನೊಂದು ದಿನ ಬಿಟ್ಟಿದ್ದರೆ ಒಳಗೇ ಒಡೆದುಹೋಗುತ್ತಿತ್ತಂತೆ. ಈಗ ಅದಕ್ಕೆ ದಿನವೂ ನೀರಿನ ಚಾನಲ್ಲಿನ ತನಕ ವಾಕಿಂಗು, ಬಕೆಟ್ ತುಂಬ ನೀರು. ಚೈತ್ರಶ್ರೀ ಅದು ಉಚ್ಚೆ ಹೊಯ್ದಾಗಲೆಲ್ಲ ಬಂದು ನಮಗೆ ವರದಿ ಒಪ್ಪಿಸುತ್ತಾಳೆ.

ದೊಡ್ಡ ಹಬ್ಬಕ್ಕೆ ಕ್ಯಾಸನೂರಿಗೆ ಹೋಗಿದ್ದೆ. ನಿಮ್ಮ ಕಡೆಯವರು ದೀಪಾವಳಿ ಅನ್ನಲಿ, ನಾವು ಸೊರಬದವರು ದೊಡ್ಡ ಹಬ್ಬ ಅಂತಲೇ ಅನ್ನುವುದು. ಅಲ್ಲಿ ನನ್ನ ತಮ್ಮನಿಗೆ ಸಣ್ಣಗೆ ಮೈ ಬಿಸಿಯಾಗಿತ್ತು. ಅಮ್ಮ ಒಲೆ ಮುಂದಿಂದ ಎದ್ದುಬಂದು ಪೊಲೀಸಿನವರ ಹಾಗೆ ನಿಂತಳು. "ಯಾವಾಗಿಂದ ಬಂತಾ? ಕಾಡಿಗೆ ಹೋಗಿದ್ಯನಾ? ಎಣ್ಣೆ ಹಚ್ಕಂಡು ಹೋಗಿದ್ಯನಾ? ಮೈ ಮೇಲೆ ಉಣುಗು ಇತ್ತನಾ? ಮಂಗ ಸತ್ತಿದ್ದು ಎಲ್ಲಾದ್ರೂ ಕಂಡ್ಯನಾ?" ಅವನು ಹಬ್ಬದ ದಿನ ಕೆರೆಯಲ್ಲಿ ಬಿದ್ದುಕೊಂಡಿದ್ದಕ್ಕೆ ಬಂದ ನೆಗಡಿ ಅದು. ಆದರೂ ಎಲ್ಲದಕ್ಕೂ ಉತ್ತರ ಹೇಳುವವರೆಗೆ ಅಮ್ಮ ಬಿಡಲಿಲ್ಲ. ಮಂಗನ ಕಾಯಿಲೆಗೆ ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರಲ್ಲ, ಹಾಗಾಗಿ ನಮ್ಮಲ್ಲಿ ಯಾರೂ ಜ್ವರವನ್ನು ಬರೀ ಜ್ವರ ಅಂತ ಬಿಡುವುದಿಲ್ಲ. ಎಲ್ಲಿಂದ ಬಂತು, ಹೇಗೆ ಬಂತು ಅಂತ ಕೇಳಿಯೇ ಕೇಳುತ್ತಾರೆ. ಮದುವೆಯಾಗಿ ನಿಮ್ಮ ಕಡೆ ಬಂದಾಗ ನನಗೆ ಆಶ್ಚರ್ಯವಾಗಿತ್ತು. ಇಲ್ಲಿ ಬಾಯಿಹುಣ್ಣಾದರೂ ಹೀಟು, ಕಣ್ಣು ಕೆಂಪಾದರೂ ಹೀಟು, ಮೂಗಿನಲ್ಲಿ ರಕ್ತ ಬಂದರೂ ಹೀಟು, ನಿದ್ದೆ ಬರದಿದ್ದರೂ ಹೀಟು. ಮಾವನಿಗೆ ಸಿಟ್ಟು ಬಂದರೂ ಅತ್ತೆ "ಅವರಿಗೆ ಹೀಟ್ ಆಗೇತಿ" ಅಂತ ಮಜ್ಜಿಗೆ ಕೊಡುತ್ತಾರೆ. ನಾನೂ ಇಷ್ಟು ವರ್ಷದಲ್ಲಿ ಅದಕ್ಕೆ ಒಗ್ಗಿಹೋದೆ.

ಬರುವಾಗ ಮಗಳ ಹಟಕ್ಕೆ ಗುಡವಿ ಪಕ್ಷಿಧಾಮಕ್ಕೆ ಹೋದೆವು. ಕೆರೆಯಲ್ಲಿ ನೀರು ಚೆನ್ನಾಗಿತ್ತು, ಹಕ್ಕಿಗಳೂ ಇದ್ದವು. ಬೋರ್ಡಿನಲ್ಲಿದ್ದ ಅವುಗಳ ಹೆಸರು ಓದಿ ಹೇಳಿದೆ, ಅವಳಿಗೆ ಬೇಕಾಗಿರಲಿಲ್ಲ. ದಿನವೆಲ್ಲ ಮರದ ತುದಿಯಲ್ಲೇ ಕೂತಿದ್ದರೆ ಅವು ಒಂದಕ್ಕೆ ಎಲ್ಲಿಗೆ ಹೋಗುತ್ತವೆ ಅಂತ ಕೇಳಿದಳು. ಕೂತಲ್ಲೇ ಮಾಡುತ್ತವೆ, ಅದಕ್ಕೇ ಮರವೆಲ್ಲ ಬೆಳ್ಳಗಾಗಿದೆ ನೋಡು ಅಂದೆ. ಸ್ವಲ್ಪ ಹೊತ್ತು ಮರ ನೋಡಿದಳು. ಆಮೇಲೆ, "ಹಂಗಾರೆ ಅಪ್ಪ ಮ್ಯಾಲೆ ಕೂತಾಗ ಎಲ್ಲಿಗೆ ಹೋಗ್ತಾರೆ?" ಅಂದಳು. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ನಗು ಬರಲಿಲ್ಲ. ನಿಮ್ಮ ರೂಮಿನಲ್ಲಿ ಯಾರು ಗೊರಕೆ ಹೊಡೆಯುತ್ತಾರೆ, ಮೆಸ್ಸಿನಲ್ಲಿ ಏನು ಪಲ್ಯ, ಶುಕ್ರವಾರ ಬಟ್ಟೆ ಒಗೆಯಲು ನೀರು ಬಂತೇ, ಎಲ್ಲ ನನಗೆ ಗೊತ್ತು. ಇದೊಂದನ್ನು ಮಾತ್ರ ಕೇಳಿಯೇ ಇರಲಿಲ್ಲ.

ಅದರ ಮುಂದಿನ ವಾರ ಪ್ರದೀಪ್ ಖರ್ಜೂರದ ಡಬ್ಬಿ ಹಿಡಿದುಕೊಂಡು ಬಂದ. ದಿನವಿಡೀ ಕೆಳಗೆ ನಿಂತು ವಾಕಿಟಾಕಿಯಲ್ಲಿ ನಿಮಗೆ ಎತ್ತು, ಇಳಿಸು ಅಂತ ಹೇಳುವವನು ಅವನೇ ಅಲ್ಲವೇ, ಅವನಿಗೆ ಗೊತ್ತಿರುತ್ತದೆ ಅಂತ ಮಗಳ ಪ್ರಶ್ನೆಯನ್ನೇ ಕೇಳಿದೆ. ಮಾವ, ಅತ್ತೆ ಇಬ್ಬರೂ ಅಲ್ಲೇ ಇದ್ದರು. ಅವನು ತಮಾಷೆಯ ಕಥೆ ಹೇಳುವ ಹಾಗೆ ಹೇಳಿದ. ಪಾಪ, ಅವನಿಗೆ ಅದು ತಮಾಷೆಯೇ. "ಕೆಳಗಿಳಿದು ಗೇಟಿನ ತನಕ ಹೋಗಿ ಬರಾದ್ರಾಗ ಫೋರ್‌ಮನ್ ಬಾಯಿ ಮಾಡ್ತಾನ ಅತ್ತಿಗಿ. ಕ್ರೇನ್ ನಿಂತ್ರ ಸೈಟೇ ನಿಂತಂಗ. ಅದಕ್ಕ ಎಲ್ಲಾ ಆಪರೇಟರ್ರೂ ಖಾಲಿ ಬಾಟ್ಲಿ ಒಯ್ತಾರ. ನಮ್ಮಣ್ಣ ಮಾತ್ರ ಒಲ್ಲೆ ಅಂತಾನ. ಆ ಕ್ಯಾಬಿನ್ ಅಂದ್ರ ಅವಂಗ ಗುಡಿ." ಅತ್ತೆ ಕೊಟ್ಟ ಮೈಲಾರಲಿಂಗನ ಪಟವನ್ನು ಗಾಜಿನ ಮೂಲೆಯಲ್ಲಿ ಇಟ್ಟಿದ್ದೀರಂತೆ, ಲಿವರಿಗೆ ಭಂಡಾರ ಹಚ್ಚುತ್ತೀರಂತೆ, ಸೇಫ್ಟಿ ಶೂ ಬಾಗಿಲ ಆಚೆ ಬಿಟ್ಟು ಸಾಕ್ಸಿನಲ್ಲಿ ಒಳಗೆ ಹೋಗುತ್ತೀರಂತೆ. ಶೂ ವಿಷಯಕ್ಕೆ ಸೇಫ್ಟಿ ಆಫೀಸರ್ ನೋಟಿಸ್ ಕೊಟ್ಟಿದ್ದನ್ನೂ ಹೇಳಿದ. ಇದು ನನಗೆ ಹೊಸದಲ್ಲ. ಇಲ್ಲಿ ಚಾನಲ್ ರಿಪೇರಿಗೆ ಜೆಸಿಬಿ ಓಡಿಸುವಾಗಲೂ ನೀವು ಚಪ್ಪಲಿ ಕಳಚಿಯೇ ಹತ್ತುತ್ತಿದ್ದವರು. ಆದರೆ ಜೆಸಿಬಿಯಿಂದ ಇಳಿದರೆ ಬೇಲಿ ಹತ್ತಿರವಿತ್ತು.

ದೇವರ ಎದುರು ಬಾಟಲಿ ಹಿಡಿಯಲು ಮನಸ್ಸು ಬರುವುದಿಲ್ಲ ಅಂತ ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದೀರಿ. ಸಂಜೆ ಇಳಿದ ಮೇಲೆ ಒಂದೇ ಸಲ ಕುಡಿಯುತ್ತೀರಿ. ಒಂದಕ್ಕೆ ಹೋದರೆ ಉರಿ, ಹೋಗುವುದೂ ಕಡಿಮೆ ಅಂತ ಪ್ರದೀಪನ ಹತ್ತಿರ ಹೇಳಿಕೊಂಡಿದ್ದೀರಿ. ಬೇಸಿಗೆಯಲ್ಲಿ ಮಧ್ಯಾಹ್ನ ಕೆಳಗಿನವರಿಗೆಲ್ಲ ಕಡ್ಡಾಯ ಬಿಡುವು, ಆಗಲೂ ಹತ್ತಿ ಇಳಿಯುವ ತಾಪತ್ರಯ ಯಾಕೆ ಅಂತ ನೀವು ಮೇಲೇ ಕೂತಿರುತ್ತೀರಿ. ಸೊಂಟ ನೋವಿಗೆ ಕ್ಯಾಂಪಿನ ಅಂಗಡಿಯಿಂದ ಮಾತ್ರೆ ತಂದು ಊಟದ ಹಾಗೆ ದಿನವೂ ನುಂಗುತ್ತೀರಿ. ಒಂದು ದಿನ ಇಳಿಯುವಾಗ ಏಣಿಯ ನಡುವೆ ಸೊಂಟ ಹಿಡಿದು ಕೂತುಬಿಟ್ಟಿರಿ, ಪ್ರದೀಪನೇ ಮೇಲೆ ಬಂದು ಇಳಿಸಿಕೊಂಡು ಹೋದ. ಇದ್ಯಾವುದನ್ನೂ ನೀವು ನನಗೆ ಹೇಳಲಿಲ್ಲ. ಆ ದಿನ ನೀವು ಫೋನ್ ಮಾಡಿದ್ದು ನನಗೆ ನೆನಪಿದೆ. ಹೀಟ್ ಆಗೇತಿ, ಕಾಮಕಸ್ತೂರಿ ಬೀಜ ಇದ್ರ ಯಾರ ಕೈಯಾಗಾದ್ರೂ ಕಳಸು ಅಂದಿರಿ. ನಾನು ಬೀಜವನ್ನೂ ಕಳಿಸಿದೆ, ಮೆಂತ್ಯವನ್ನೂ ಕಳಿಸಿದೆ, ನೆತ್ತಿಗೆ ಹಾಕಿಕೊಳ್ಳಲಿ ಅಂತ ಹರಳೆಣ್ಣೆಯನ್ನೂ ಕಳಿಸಿದೆ.

ಆಮೇಲೆ ಕ್ಲಿನಿಕ್ಕಿನ ಕಥೆ. ಇದನ್ನು ಹೇಳುವಾಗ ಪ್ರದೀಪ್ ಎದ್ದು ನಿಂತು ನಿಮ್ಮ ಹಾಗೆ ಸೊಂಟದ ಮೇಲೆ ಕೈಯಿಟ್ಟು ತೋರಿಸಿದ. ಕಂಪನಿಯ ಕ್ಲಿನಿಕ್ಕಿನಲ್ಲಿ ಸಿಸ್ಟರ್ ಏನಾಗುತ್ತದೆ ಅಂತ ಕೇಳಿದಳು. ನೀವು ದೊಡ್ಡ ಇಂಗ್ಲಿಷಿನಲ್ಲಿ "ಹೀಟ್, ಸಿಸ್ಟರ್. ಟೂ ಮಚ್ ಹೀಟ್" ಅಂದಿರಿ. ಆಕೆ ಕಿಟಕಿಯ ಹೊರಗೆ ಮರಳುಗಾಡನ್ನು ನೋಡಿದಳಂತೆ. ಸುಡು ಬಿಸಿಲಿನ ದೇಶದಲ್ಲಿ ಬಂದು ಹೀಟ್ ಅಂದರೆ ಆಕೆ ತಾನೇ ಏನು ಮಾಡಬೇಕು. ಹೌದಪ್ಪ, ನನಗೂ ಹೀಟೇ ಅಂದಿರಬೇಕು. ಓಆರ್‌ಎಸ್ ಪುಡಿ ಕೊಟ್ಟು, ಈತನಿಗೆ ಬಿಸಿಲಿನ ತೊಂದರೆ ಅಂತ ಆಫೀಸಿಗೆ ತಿಳಿಸಿದಳು. ಆಫೀಸಿನವರು ಒಳ್ಳೆಯವರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಾರನೆಯ ದಿನವೇ ನಿಮ್ಮ ಕ್ಯಾಬಿನ್ನಿಗೆ ಹೊಸ ಏಸಿ ಹಾಕಿಸಿಕೊಟ್ಟರು. ಒಳಗೆ ಈಗ ಸ್ವೆಟರ್ ಹಾಕಬೇಕು ಅನ್ನುವಷ್ಟು ತಣ್ಣಗಂತೆ. ತಣ್ಣಗಾದ ಮೇಲೆ ಬಾಯಾರಿಕೆಯೂ ಆಗುವುದಿಲ್ಲ, ನೀರು ಕುಡಿಯದಿರುವುದು ಇನ್ನೂ ಸುಲಭವಾಯಿತು. ನಿಮ್ಮ ಹೀಟಿಗೆ ಇಷ್ಟು ಚೆನ್ನಾಗಿ ಔಷಧಿ ಯಾರೂ ಕೊಟ್ಟಿರಲಿಲ್ಲ.

ಇಂಗ್ಲಿಷ್ ಮಾತಾಡಿದೆ ಅಂತ ನೀವು ಅಂದುಕೊಂಡಿರಿ. ನೀವು ಆಡಿದ್ದು ಶಿಕಾರಿಪುರದ ಮಾತು. ಆ ಶಬ್ದ ಅಲ್ಲಿಂದ ಬಂದದ್ದೇ ಇರಬಹುದು, ಆದರೆ ನಮ್ಮೂರಿಗೆ ಬಂದ ಮೇಲೆ ಅದು ಮೆಂತ್ಯ ತಿಂದು, ಎಣ್ಣೆ ಹಚ್ಚಿಕೊಂಡು ನಮ್ಮದೇ ಆಗಿಹೋಗಿದೆ. ಅದನ್ನು ಆ ಸಿಸ್ಟರಿಗೆ ಹೇಳಿದರೆ ಆಕೆಗೆ ಬಿಸಿಲೇ ಕಾಣುತ್ತದೆ, ನಿಮ್ಮ ಉರಿ ಕಾಣುವುದಿಲ್ಲ. ನಿಮ್ಮನ್ನು ಆಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ.

ಪ್ರದೀಪ್ ಮಾತು ಮುಗಿಸಿದ ಮೇಲೆ ಯಾರೂ ನಗಲಿಲ್ಲ. ಅವನಿಗೇ ಮುಜುಗರವಾಗಿ ಟೀ ಲೋಟ ಕೈಯಲ್ಲಿ ತಿರುಗಿಸುತ್ತ ಕೂತ. ಮಾವ ಬಣ್ಣ ಹೇಗಿರುತ್ತದೆ ಅಂತ ಅವನನ್ನು ಕೇಳಿದರು. ಒಂದು ಸಲ ಕರಿ ಟೀ ಬಣ್ಣ ಇತ್ತು ಅಂತ ನೀವೇ ಅಂದಿದ್ದಿರಂತೆ. ಮಾವ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡರು. "ಟಗರಿಗೆ ಉಚ್ಚಿ ಕಟ್ಟಿದ್ರ ಡಾಕ್ಟ್ರನ್ನ ಕರಸ್ತೀವಿ. ಮಗನಿಗೆ ಕಟ್ಟಿದ್ರ ಮೆಂತ್ಯ ಕಳಸ್ತೀವಿ" ಅಂದರು. ಯಾರಿಗೆ ಅಂದರೋ ಗೊತ್ತಿಲ್ಲ, ನಮಗೂ ಅಂದಿರಬಹುದು, ತಮಗೂ ಅಂದುಕೊಂಡಿರಬಹುದು. ಅತ್ತೆ ಎದ್ದು ಒಳಗೆ ಹೋದರು. ಪಟ ಕೊಟ್ಟವರು ಅವರಲ್ಲವೇ. ಆ ದಿನ ಅವರು ಊಟ ಮಾಡಲಿಲ್ಲ, ಕರೆದರೆ ಹಲ್ಲುನೋವು ಅಂದರು.

ಮಾರನೆಯ ದಿನ ಅತ್ತೆಯ ಬಿಪಿ ತೋರಿಸುವ ನೆಪದಲ್ಲಿ ಶಿಕಾರಿಪುರಕ್ಕೆ ಹೋಗಿ ಡಾಕ್ಟರಮ್ಮನ ಹತ್ತಿರ ನಿಮ್ಮ ವಿಷಯ ಹೇಳಿದೆ. ನಾನೂ ಬಾಯಿ ತಪ್ಪಿ ಮೊದಲು ಹೀಟ್ ಅಂತಲೇ ಶುರು ಮಾಡಿದೆ. ಆಕೆ ಕೈ ಅಡ್ಡ ಹಿಡಿದು, "ಅದನ್ನ ಬಿಡಿ. ಏನಾಗುತ್ತೆ ಅದನ್ನ ಹೇಳಿ" ಅಂದರು. ಉರಿ, ಕಡಿಮೆ ಹೋಗುವುದು, ಟೀ ಬಣ್ಣ, ಸೊಂಟ ನೋವು, ನೀರು ಕುಡಿಯದಿರುವುದು, ಎಲ್ಲ ಹೇಳಿದೆ. ದಿನಾ ನೋವಿನ ಮಾತ್ರೆ ಅಂದಾಗ ಅವರಿಗೆ ಸಿಟ್ಟೇ ಬಂತು. ಕಲ್ಲಿರಬಹುದು, ಸೋಂಕಿರಬಹುದು, ಎರಡೂ ಇರಬಹುದು, ನೋಡದೆ ಹೇಳಲಾಗುವುದಿಲ್ಲ, ಆದರೆ ಹೀಗೇ ಬಿಟ್ಟರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ ಅಂದರು. ಬಿದ್ದಿದೆಯೋ ಇಲ್ಲವೋ ರಕ್ತ ಪರೀಕ್ಷೆ ಮಾಡಿಸಿದರೇ ಗೊತ್ತಾಗುವುದಂತೆ. ಈಗಲೇ ನೋಡಿಕೊಂಡರೆ ಸರಿಹೋಗುವ ಸಾಧ್ಯತೆ ಹೆಚ್ಚು, ಡಯಾಲಿಸಿಸ್ಸಿಗೆ ಬಂದ ಮೇಲೆ ಎಲ್ಲ ಕಷ್ಟ ಅಂದರು. ಹೊರಗೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಅಳು ಬರಲಿಲ್ಲ, ನನ್ನ ಸ್ವಭಾವ ನಿಮಗೆ ಗೊತ್ತು. ಆದರೆ ನನಗೆ ಭಯವಾಗಿದೆ ಕಣ್ರೀ. ಈಗಲೂ ಆಗುತ್ತಿದೆ. ನಿಮ್ಮ ಮೇಲೆ ಸಿಟ್ಟೂ ಬಂದಿದೆ, ಎರಡೂ ಒಟ್ಟಿಗೇ ಇವೆ.

ಹಾಗಾಗಿ ಇಷ್ಟು ಮಾಡಿ. ಕಾಗದ ಓದಿದ ಮಾರನೆಯ ದಿನವೇ ಕ್ಲಿನಿಕ್ಕಿಗೆ ಹೋಗಿ. ಜೊತೆಗೆ ಪ್ರದೀಪನೂ ಬರುತ್ತಾನೆ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವನಿಗೆ ಬಾಯಿಪಾಠ ಮಾಡಿಸಿದ್ದೇನೆ. ಯೂರಿನ್ ಬರ್ನಿಂಗ್, ಬ್ಯಾಕ್ ಪೇನ್, ಬ್ಲಡ್ ಟೆಸ್ಟ್, ಸ್ಕ್ಯಾನಿಂಗ್. ಹೀಟ್ ಅನ್ನುವ ಶಬ್ದ ನಿಮ್ಮ ಬಾಯಲ್ಲಿ ಬಂದರೆ ಕಾಲು ತುಳಿ ಅಂತ ಹೇಳಿದ್ದೇನೆ, ಅವನು ತುಳಿದೇ ತುಳಿಯುತ್ತಾನೆ. ನೋವಿನ ಮಾತ್ರೆ ಎಲ್ಲಿದ್ದರೂ ಅವನ ಕೈಗೆ ಕೊಡಿ. ಮತ್ತೆ, ಮಧ್ಯೆ ಇಳಿಯಲು ಬಿಡುವು ಬೇಕು, ಆ ಹೊತ್ತಿಗೆ ಬದಲಿ ಆಪರೇಟರ್ ಬೇಕು ಅಂತ ಆಫೀಸಿನಲ್ಲಿ ಬಾಯಿಬಿಟ್ಟು ಕೇಳಿ. ಕೇಳದೆಯೇ ಏಸಿ ಕೊಟ್ಟವರು, ಕೇಳಿದರೆ ಅದನ್ನೂ ಕೊಡಬಹುದು. ಒಂದಕ್ಕೆ ಹೋಗಬೇಕು ಅಂತ ದೊಡ್ಡವರ ಹತ್ತಿರ ಹೇಳಲು ನಾಚಿಕೆ ನಿಮಗೆ, ಅದು ನನಗೆ ಗೊತ್ತು. ಮದುವೆಗೆ ಮೊದಲು ನಮ್ಮನೆಗೆ ಹೆಣ್ಣು ನೋಡಲು ಬಂದಾಗ ಸೊರಬದಿಂದ ಶಿಕಾರಿಪುರದ ತನಕ ಕಟ್ಟಿಕೊಂಡೇ ಹೋದವರು ನೀವು. ಬಚ್ಚಲು ಎಲ್ಲಿ ಅಂತ ನಮ್ಮಪ್ಪನನ್ನು ಕೇಳಲಾಗದೆ ಬೆವರುತ್ತಿದ್ದಿರಿ. ಹುಡುಗ ಭಾರಿ ಗಂಭೀರ ಅಂತ ನಮ್ಮಪ್ಪ ಅದಕ್ಕೇ ಒಪ್ಪಿದ್ದು.

ನಿಮ್ಮ ನಿಜವಾದ ಭಯ ಏನು ಅಂತಲೂ ನನಗೆ ಗೊತ್ತು. ಫೆಬ್ರವರಿಯಲ್ಲಿ ಕಾಂಟ್ರಾಕ್ಟ್ ಮುಗಿಯುತ್ತದೆ, ಮತ್ತೆ ಮೆಡಿಕಲ್ ಆಗುತ್ತದೆ. ಕಿಡ್ನಿ ಅಂತ ಗೊತ್ತಾದರೆ ಅನ್‌ಫಿಟ್ ಬರೆದು, ನಿಮ್ಮ ಜೊತೆ ಅಲ್ಲಿದ್ದ ತೀರ್ಥೇಶನನ್ನು ಕಳಿಸಿದ ಹಾಗೆ ಕಳಿಸಿಬಿಡುತ್ತಾರೆ. ಹೀಟ್ ಅಂತ ಅಂದುಕೊಂಡಿರುವಷ್ಟು ದಿನ ಅದು ಕಾಯಿಲೆಯಲ್ಲ, ಯಾರೂ ಕಳಿಸುವುದಿಲ್ಲ. ನಿಮಗೆ ಆ ಶಬ್ದ ಅಷ್ಟು ಇಷ್ಟವಾಗಿದ್ದು ಇದಕ್ಕೇ ಇರಬೇಕು ಅಂತ ಈಚೆಗೆ ನನಗೆ ಅನ್ನಿಸುತ್ತಿದೆ. ತೀರ್ಥೇಶ್ ಹಬ್ಬದಲ್ಲಿ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಎಕ್ಸ್‌ರೇಯಲ್ಲಿ ಎದೆಯೊಳಗೆ ಮಚ್ಚೆ ಕಂಡು ವಾಪಸ್ ಬಂದವನು ಔಷಧಿ ಮುಗಿಸಿ, ಈಗ ಗೂಡ್ಸ್ ಆಟೋ ಓಡಿಸುತ್ತಾನೆ. ದಪ್ಪಗಾಗಿದ್ದಾನೆ. "ಮಾಳೇಶಣ್ಣ ಆರಾಮಿದಾನನೇ?" ಅಂತ ನಿಮ್ಮನ್ನು ವಿಚಾರಿಸಿದ. ನಾನು ಹೂಂ ಅಂದೆ. ಆಗ ನನಗೆ ಏನೂ ಗೊತ್ತಿರಲಿಲ್ಲ. ಅವರು ಅನ್‌ಫಿಟ್ ಅಂತ ಬರೆದರೆ ಬರೆಯಲಿ. ಅದು ಅವರ ಕ್ರೇನಿಗೆ. ನಮ್ಮ ಮನೆಗೆ ಎಷ್ಟು ಫಿಟ್ ಇರಬೇಕು ಅನ್ನುವುದನ್ನು ನಾವು ನೋಡಿಕೊಳ್ಳುತ್ತೇವೆ. ಅವರ ಕಟ್ಟಡ ನೀವಿಲ್ಲದಿದ್ದರೂ ಮೇಲೇಳುತ್ತದೆ. ಇಲ್ಲಿ ಹಾಗಲ್ಲ.

ನೀವು ಅಲ್ಲಿರುವುದು ಬೇಡ ಅಂತ ನಾನು ಹೇಳುತ್ತಿಲ್ಲ. ನಿಮಗೆ ಆ ಕೆಲಸದ ಮೇಲೆ ಎಷ್ಟು ಆಸೆ ಅಂತ ನನಗೆ ಗೊತ್ತು. ಮೊದಲ ದಿನ ಮೇಲಿಂದ ಸಮುದ್ರ ಕಾಣುತ್ತದೆ ಅಂತ ಫೋಟೋ ಕಳಿಸಿದ್ದಿರಿ, ಅದರಲ್ಲಿ ಸಮುದ್ರಕ್ಕಿಂತ ನಿಮ್ಮ ಹೆಬ್ಬೆರಳೇ ಹೆಚ್ಚು ಕಾಣುತ್ತಿತ್ತು. ಆ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಇರುವುದಾದರೆ ನೀರು ಕುಡಿದುಕೊಂಡು ಇರಿ, ಆಗುವುದಿಲ್ಲ ಅಂದರೆ ಬನ್ನಿ. ಯಾವುದಾದರೂ ನನಗೆ ಸರಿ.

ಮಾವ ಆಶೀರ್ವಾದ ತಿಳಿಸಿದ್ದಾರೆ. ಕೆಂಚನೂ ನೆನೆಸಿಕೊಂಡಿತು ಅಂತ ಬರೆಯಬೇಕಂತೆ, ಚೈತ್ರಶ್ರೀಯ ಅಪ್ಪಣೆ. ಅವಳು ಬರೆದ ಕ್ರೇನಿನ ಚಿತ್ರ ಪಾರ್ಸೆಲ್ಲಿನಲ್ಲಿದೆ. ಕ್ರೇನಿನ ಕೆಳಗೆ ಬಾಗಿಲಿರುವ ಸಣ್ಣ ಮನೆ ಕಾಣುತ್ತದಲ್ಲ, ಅದು ಬಚ್ಚಲು. ಒಂದಷ್ಟು ಚಟ್ನಿಪುಡಿ, ಖಾರಾಮಂಡಕ್ಕಿ, ರೊಟ್ಟಿ ಇಟ್ಟಿದ್ದೇನೆ. ಮೆಂತ್ಯ ಇಟ್ಟಿಲ್ಲ. ದೇಹ ಜೋಪಾನ.

ಇಂತಿ ನಿಮ್ಮ,
ಸಂಗೀತ

ಮರೆತ ಮಾತು: ಪ್ರದೀಪ್ ಬಂದು ಬಾಗಿಲಲ್ಲಿ ಗಾಡಿ ನಿಲ್ಲಿಸಿಕೊಂಡು ಹಾರನ್ ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ರೊಟ್ಟಿಯ ಗಂಟಿನ ಅಡಿಯಲ್ಲಿ ಅಂಗೈಯಗಲದ ಹಳದಿ ಬಟ್ಟೆ ಇದೆ. ಕೈ ಒರೆಸಿಕೊಂಡು ಬಿಸಾಕಬೇಡಿ. ಅದು ಮೈಲಾರಲಿಂಗನ ಪಟಕ್ಕೆ ತೆರೆ. ಊಟ ಬಿಟ್ಟ ಮಾರನೆಯ ದಿನದಿಂದ ಅತ್ತೆ ಕನ್ನಡಕ ಹಾಕಿಕೊಂಡು ಏನೋ ಹೊಲಿಯುತ್ತಿದ್ದರು, ಕೇಳಿದರೆ ಹೇಳುತ್ತಿರಲಿಲ್ಲ. ಈಗ ತಂದು ಪಾರ್ಸೆಲ್ಲಿನಲ್ಲಿ ತುರುಕಿದರು. ಸ್ವಾಮಿಯ ಗುಡ್ಡಕ್ಕೆ ಹೋದಾಗ ಉಡಿ ತುಂಬಿದ್ದ ಕುಬಸದ ಕಣದಲ್ಲಿ ಹೊಲಿದಿದ್ದಾರೆ, ಎಳೆಯಲು ನನ್ನ ಲಂಗದ ಲಾಡಿಯನ್ನೇ ಪೋಣಿಸಿದ್ದಾರೆ, ಅದನ್ನು ನೀವು ಯಾರಿಗೂ ಹೇಳಬೇಡಿ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಸ್ವಾಮಿಗೆ ಎಡಿ ಇಡುವಾಗ ತೆರಿ ಎಳೀತಾರ. ನನ್ನ ಮಗ ಒಂದಕ್ಕ ಹೋಗುವಾಗ ಎಳದ್ರ ತಪ್ಪೇನೈತಿ? ಕುರಿ ಕಾಯೋರ ದೇವ್ರು ಆತ, ಬಯಲಾಗ ಕೂತೋರನ್ನ ಕಾಣದಾತ ಅಲ್ಲ. ನೀರು ಕುಡೀ ಅನ್ನು." ಇಷ್ಟು ಹೇಳಿ ಅಡುಗೆಮನೆಗೆ ಹೋದರು, ಅಲ್ಲಿಂದ ಹೊರಗೆ ಬಂದಿಲ್ಲ. ಇಳಿಯಲು ಬಿಡುವು ಸಿಗುವವರೆಗೆ ಬಾಟಲಿ ಒಯ್ಯಿರಿ. ಮೊದಲ ಸಲ ಎಳೆದ ದಿನ ಸಂಜೆ ಫೋನ್ ಮಾಡಿ ಅತ್ತೆಯ ಕೈಗೇ ಕೊಡಲು ಹೇಳಿ. ಬಸ್ ಬಂದಿದ್ದರೂ ಪರವಾಗಿಲ್ಲ, ಆರಾಮದೀನಿ ಅನ್ನುವುದೂ ಬೇಡ. "ಅವ್ವಾ, ತೆರಿ ಎಳದೆ" ಅಂದರೆ ಸಾಕು.